ಒಂಬತ್ತು ಸೆಕೆಂಡಿನ ಮದುಮಗಳು

“ಉಸಿರು ಬಿಡು. ಇನ್ನೂ ಬಿಡು. ಈಗ ಹಿಡಿ.”

ಹುಡುಗಿ ಹಿಡಿಯುತ್ತಾಳೆ. ಹಿಂದಿನಿಂದ ಒಂದು ಮೊಣಕಾಲು ಅವಳ ಸೊಂಟಕ್ಕೆ ಒತ್ತುತ್ತದೆ, ಗೇಣಗಲದ ರೇಷ್ಮೆಯ ನಡುಪಟ್ಟಿ ಬಿಗಿಯುತ್ತದೆ. “ಇತಾಯ್” ಎಂದು ಜಪಾನೀಸಿನಲ್ಲಿ ನರಳಿದ ಹುಡುಗಿ, ಅದು ಸಾಲದೆಂಬಂತೆ, “ಅಮ್ಮಾ, ಟೆಲ್ ಹರ್, ನನ್ ಕಿಡ್ನಿ ಹೋಯ್ತು” ಎಂದು ಸೇರಿಸುತ್ತಾಳೆ. ಪಕ್ಕದಲ್ಲೇ ನಿಂತ ಅಮ್ಮ ಬಾಯಲ್ಲಿ ಮೂರು ಕ್ಲಿಪ್ಪು ಕಚ್ಚಿಕೊಂಡಿರುವುದರಿಂದ ಉತ್ತರ ಬರುವುದಿಲ್ಲ. ಮೊಣಕಾಲಿನ ಒಡತಿ ಗಂಟು ಮುಗಿಸಿ ಹುಡುಗಿಯ ಎದುರಿಗೆ ಬಂದು ಒಂದೇ ಶಬ್ದ ಹೇಳುತ್ತಾರೆ.

“ಬಲಗೈ.”

ಹುಡುಗಿ ಬಲಗೈಯನ್ನು ಎದೆಯ ಮೇಲಿನ ಮಡಿಕೆಯೊಳಕ್ಕೆ ತೂರಿಸುತ್ತಾಳೆ. ಸಲೀಸಾಗಿ ಹೋಗುತ್ತದೆ. ಇನ್ನೊಂದು ಸಲ ಎನ್ನುತ್ತಾರೆ, ಮತ್ತೆ ಹೋಗುತ್ತದೆ. ಮೂರನೆಯ ಸಲವೂ ಹೋದ ಮೇಲೆಯೇ ತಲೆಯಾಡಿಸಿ ಮುಂದಿನವಳನ್ನು ಕರೆಯುತ್ತಾರೆ.

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಟೋಕಿಯೋ ಪಕ್ಕದ ಉರಯಾಸುವಿನ ಈ ಬೀದಿಯಲ್ಲಿ ಹಗಲಿರುಳೂ ತೆರೆದಿರುವ ಕೊಂಬಿನಿ ಅಂಗಡಿಯೊಂದನ್ನು ಬಿಟ್ಟರೆ ಬೆಳಕಿರುವುದು ಎಂಟು ಚಾಪೆ ಹಾಸುವಷ್ಟಿರುವ ಈ ಕೋಣೆಯಲ್ಲಿ ಮಾತ್ರ. ಜನವರಿಯ ಎರಡನೆಯ ಸೋಮವಾರ. ಈ ವರ್ಷ ಇಪ್ಪತ್ತು ತುಂಬುವವರನ್ನೆಲ್ಲ ಊರು ಕೂಡಿಸಿ ಹರಸುವ ದಿನ. ಹುಡುಗಿಯರು ಉದ್ದ ತೋಳಿನ ಕಿಮೊನೊ ಉಟ್ಟು ಹತ್ತು ಗಂಟೆಗೆ ಸಮಾರಂಭದಲ್ಲಿರಬೇಕು. ಅಷ್ಟರೊಳಗೆ ಹದಿಮೂರು ಜನರಿಗೆ ಉಡಿಸಿ ಕಳಿಸಬೇಕಾದವರು ಕುವಾಬಾರಾ ಫುಜಿಯೆ. ವಯಸ್ಸು ಎಂಬತ್ತಮೂರು. ಎತ್ತರ ನಾಲ್ಕೂವರೆ ಅಡಿ. ಕೊರಳಲ್ಲಿ ಹೂಮಾಲೆಯ ಹಾಗೆ ನೇತುಬಿದ್ದ ಕಟ್ಟುದಾರಗಳು.

ಒಬ್ಬೊಬ್ಬಳಿಗೆ ಇಪ್ಪತ್ತೆರಡು ನಿಮಿಷ. ಐದು ದಾರ, ಸೊಂಟದ ತಗ್ಗು ತುಂಬಲು ಮೂರು ಟವೆಲ್ಲು. ಕಿಮೊನೊಕ್ಕೆ ಗುಂಡಿಯಿಲ್ಲ, ಪಿನ್ನಿಲ್ಲ. ಎಲ್ಲವೂ ದಾರ ಮತ್ತು ಮಡಿಕೆಯ ಮೇಲೆ ನಿಂತಿರುತ್ತದೆ. ಅದರಲ್ಲಿ ತಪ್ಪಬಾರದ ನಿಯಮ ಒಂದೇ. ಉಟ್ಟವಳ ಎಡ ಮಡಿಕೆ ಮೇಲೆ ಬರಬೇಕು, ಬಲ ಮಡಿಕೆ ಕೆಳಗೆ. ಹಾಗಿದ್ದರೆ ಬಲಗೈ ಎದೆಯೊಳಕ್ಕೆ ಹೋಗುತ್ತದೆ. ಬಲ ಮಡಿಕೆ ಮೇಲೆ ಬಂದರೆ ಅದು ಹೆಣದ ಉಡುಗೆ. ಈ ದೇಶದಲ್ಲಿ ನಾಲ್ಕು ವರ್ಷದ ಮಗುವಿಗೂ ಇದು ಗೊತ್ತು. ಬೇರೆ ಉಡಿಸುವವರು ಒಮ್ಮೆ ಕಣ್ಣಿಂದ ನೋಡಿ ಬಿಡುತ್ತಾರೆ. ಫುಜಿಯೆಯವರಿಗೆ ಕಣ್ಣಿನ ಮೇಲೆ ನಂಬಿಕೆಯಿಲ್ಲ; ಪ್ರತಿಯೊಬ್ಬಳಿಂದಲೂ ಮೂರು ಸಲ ಕೈ ಹಾಕಿಸುತ್ತಾರೆ, ಐವತ್ತಮೂರು ವರ್ಷದಿಂದ.

ಗೋಡೆಯ ಮೇಲೆ ಕೈಬರಹದ ಚೀಟಿಯಿದೆ. ಕೋಣೆಯೊಳಗೆ ಸೆಲ್ಫಿ ತೆಗೆಯಬಾರದು ಎಂದು ಅದರ ಅರ್ಥ. ಹುಡುಗಿಯರು ಅದನ್ನೋದಿ ಅಜ್ಜಿ ಹಳೆಯ ಕಾಲದವರು ಎಂದು ನಗುತ್ತಾರೆ. ಕಾರಣ ಬೇರೆ. ಸೆಲ್ಫಿ ತೆಗೆಯುವ ಹೊತ್ತಿಗೆ ಫೋನಿನ ಪರದೆ ಕನ್ನಡಿಯಂತೆ ಎಡವನ್ನು ಬಲ ಮಾಡಿ ತೋರಿಸುತ್ತದೆ. ಈಗತಾನೇ ಉಡಿಸಿದ ಹುಡುಗಿ ಅದರಲ್ಲಿ ಸತ್ತವಳ ಹಾಗೆ ಉಟ್ಟು ನಿಂತಿರುತ್ತಾಳೆ. ಫುಜಿಯೆಯವರಿಗೆ ಅದನ್ನು ನೋಡಲಾಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದು ಎರಡು ವರ್ಷದ ಹಿಂದಿನವರೆಗೆ ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತು ಮಾಡಿಕೊಂಡವರು ಬಾಯಲ್ಲಿ ಕ್ಲಿಪ್ಪು ಕಚ್ಚಿದ ಆ ಅಮ್ಮ, ಮೈಸೂರಿನ ಭಾನುಮತಿ. ಗಂಡ ಪ್ರದೀಪನ ಕಂಪನಿ ಟೋಕಿಯೋದ ಮಿನಾಟೋದಲ್ಲಿದೆ. ಮನೆಯವರೆಲ್ಲ ಬಂದು ಹನ್ನೊಂದು ವರ್ಷವಾಯಿತು. ಮಗಳು ಸಾಹಿತ್ಯ ಇಲ್ಲೇ ಬೆಳೆದು ಕನ್ನಡವನ್ನು ಕೇಳಿಸಿಕೊಳ್ಳಲು, ಜಪಾನೀಸನ್ನು ಮಾತಾಡಲು, ಇಂಗ್ಲಿಷನ್ನು ಜಗಳವಾಡಲು ಇಟ್ಟುಕೊಂಡಿದ್ದಾಳೆ. “ಮನೇಲಿ ಕೂತು ಕೂತು ನಂಗೆ ಬರ್ತಿದ್ದ ಜಪಾನೀಸೂ ಮರೆತುಹೋಗ್ತಿತ್ತು. ಸೀರೆ ಉಡಿಸೋದು ಗೊತ್ತಲ್ಲ, ಇದೇನ್ ಮಹಾ ಅಂತ ಬಂದೆ,” ಎನ್ನುತ್ತಾರೆ ಭಾನುಮತಿ. ಮೊದಲ ಆರು ತಿಂಗಳು ಸೆನ್ಸೇ, ಅಂದರೆ ಗುರುಗಳು, ಅವರಿಗೆ ಟವೆಲ್ಲು ಮಡಿಸುವುದನ್ನು ಬಿಟ್ಟು ಬೇರೇನೂ ಕೊಡಲಿಲ್ಲ. ಈಗ ನಾಲ್ಕು ವರ್ಷ. ಫುಜಿಯೆಯವರ ಜಪಾನೀಸು ಈ ಬರಹಕ್ಕೆ ಬಂದಿರುವುದು ಭಾನುಮತಿಯವರ ಕನ್ನಡದಲ್ಲಿ.

ಅದು ಹೊರಬರಲು ಕಾರಣವಾದ ತಪ್ಪು ಮಾಡಿದ್ದೂ ಭಾನುಮತಿಯೇ. ಮನೆಯಲ್ಲಿ ಅಭ್ಯಾಸಕ್ಕೆಂದು ಫೋನನ್ನು ಎದುರಿಗೆ ನಿಲ್ಲಿಸಿ, ಪರದೆಯಲ್ಲಿ ತಮ್ಮನ್ನೇ ನೋಡಿಕೊಂಡು ಮಡಿಕೆ ಹಾಕುತ್ತಿದ್ದರು. ಪರದೆಯಲ್ಲಿ ಸರಿಯಾಗಿ ಕಂಡದ್ದನ್ನೇ ಕೈ ಕಲಿಯಿತು. ಒಂದು ತಿಂಗಳ ಬಳಿಕ ಸೆನ್ಸೇಯ ಎದುರು ಗೊಂಬೆಗೆ ಉಡಿಸಿ, ನಡುಪಟ್ಟಿ ಬಿಗಿದು, ಭೇಷ್ ಎನ್ನಿಸಿಕೊಳ್ಳಲು ಹಿಂದೆ ಸರಿದರು. ಫುಜಿಯೆ ಚಾಪೆಯ ಮೇಲೆ ಕುಸಿದು ಕುಳಿತರು.

“ಬಿಪಿ ಇರಬೇಕು ಅಂತ ನೀರು ತಂದೆ,” ಎಂದು ನೆನೆಯುತ್ತಾರೆ ಭಾನುಮತಿ. “ಗೊಂಬೆ ಕಡೆ ಬೆರಳು ತೋರಿಸಿದ್ರು. ಆಮೇಲೆ ಕೇಳಿದ್ರು, ನೀನು ಇದನ್ನ ಮಾಡಿದ್ದು ನಿಂಗೆ ನೆನಪಿದೆಯಾ? ಕೈ ಹೋಗಿದ್ದು ಗೊತ್ತಾಯ್ತಾ? ಇಲ್ಲ ಸೆನ್ಸೇ, ಸರಿಯಾಗೇ ಮಾಡ್ತಿದೀನಿ ಅಂದ್ಕೊಂಡಿದ್ದೆ ಅಂದೆ. ಅದಕ್ಕೆ ಅವರು, ಹಾಗಾದ್ರೆ ನಂಗೂ ಹಾಗೇ ಆಗಿರ್ಬೇಕು ಅಂದ್ರು.”

ಆ ಮಧ್ಯಾಹ್ನ ಹೇಳಿದ ಕತೆ ಒಂದು ಸಿನಿಮಾದ್ದು. ಅದರ ಹೆಸರನ್ನು ಫುಜಿಯೆ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದೆ ನಮ್ಮ ಹೆಂಗಸರು ಗಂಡನ ಹೆಸರು ಹೇಳದೆ ‘ಅವರು’ ಎನ್ನುತ್ತಿದ್ದಂತೆ ‘ಅದು’ ಎನ್ನುತ್ತಾರೆ. ಇಲ್ಲಿಯೂ ಅದು ‘ಅದು’ ಆಗಿಯೇ ಇರಲಿ. ಅಮೆರಿಕದವರು ಟೋಕಿಯೋಕ್ಕೆ ಬಂದು ತೆಗೆದ ಬಣ್ಣದ ಚಿತ್ರ. ವಿಮಾನ ರಿಪೇರಿ ಮಾಡುವ ಅಮೆರಿಕದ ಸೈನಿಕ, ನೇಯ್ಗೆಯವರ ಮನೆಯ ಜಪಾನಿ ಹುಡುಗಿ. ಸೇನೆಯ ಅಪ್ಪಣೆಯಿಲ್ಲದೆ ಮದುವೆ ಕೂಡದು, ಅಪ್ಪಣೆ ಸಿಗುವುದಿಲ್ಲ. ಸೈನಿಕ ಸಮವಸ್ತ್ರ ಕಳಚಿಟ್ಟು ಸಾದಾ ಅಂಗಿಯಲ್ಲಿ ಬಂದು, ಗುಡ್ಡದ ಮೇಲಿನ ಸಣ್ಣ ಗುಡಿಯಲ್ಲಿ ಗುಟ್ಟಾಗಿ ಅವಳನ್ನು ಮದುವೆಯಾಗುತ್ತಾನೆ. ಅಷ್ಟರಲ್ಲಿ ಕೆಳಗೆ ಮಿಲಿಟರಿ ಪೊಲೀಸರ ಜೀಪು ಬರುತ್ತದೆ. ಸದ್ದು ಕೇಳಿ ಮದುಮಗಳು ಮುಖ ತಿರುಗಿಸುತ್ತಾಳೆ. ಅವಳ ಮುಖ, ಎದೆ, ಹಿಂದೆ ನಿಂತ ಗಂಡಿನ ಅಂಗಿ ಪರದೆಯ ತುಂಬ ಒಂಬತ್ತು ಸೆಕೆಂಡು ನಿಲ್ಲುತ್ತವೆ. ಮದುವೆಯ ಮಿಕ್ಕ ಭಾಗದಲ್ಲಿ ಅವಳು ಕಾಣುವುದು ಬೆನ್ನಿನಿಂದ, ಇಲ್ಲವೇ ದೂರದಿಂದ. ಪ್ರಪಂಚದ ಎಷ್ಟೋ ಜನ ಆ ಒಂಬತ್ತು ಸೆಕೆಂಡಿಗೆ ಕಣ್ಣೀರಿಟ್ಟಿದ್ದಾರಂತೆ.

ಅವಳಿಗೆ ಉಡಿಸಿದ್ದು ಹದಿನೇಳರ ಫುಜಿಯೆ.

ಸ್ಟುಡಿಯೋದಲ್ಲಿ ಉಡಿಸುವ ಕೆಲಸದ ಹಿರಿಯಾಕೆ ಅವರ ದೊಡ್ಡಮ್ಮ ಮಾಸು. ಸೈನಿಕರ ಪ್ರೇಮವೆಂದರೆ ಏನೆಂದು ಮಾಸುವಿಗೆ ಸಿನಿಮಾ ನೋಡಿ ತಿಳಿಯಬೇಕಾಗಿರಲಿಲ್ಲ. ಅಮೆರಿಕದ ನೆಲೆಯೊಂದರ ಪಕ್ಕದ ಫೋಟೋ ಅಂಗಡಿಯಲ್ಲಿ ಭಾನುವಾರಗಳಂದು ನಿಜವಾದ ಮದುವಣಗಿತ್ತಿಯರಿಗೆ ಉಡಿಸುತ್ತಿದ್ದವರು ಅವರು. ಆ ಹುಡುಗಿಯರು ಕಚೇರಿಯಲ್ಲಿ ಸ್ಕರ್ಟು ಹಾಕಿಕೊಂಡು ರುಜು ಮಾಡಿ ಮದುವೆಯಾಗುತ್ತಿದ್ದರು. ಕಿಮೊನೊ ಏನಿದ್ದರೂ ಒಂದು ಫೋಟೋಕ್ಕೆ. ಎಲ್ಲೋ ಇರುವ ಅತ್ತೆ ಸೊಸೆಯನ್ನು ಕಿಮೊನೊದಲ್ಲಿ ನೋಡಬೇಕು ಎಂದು ಬರೆದಿರುತ್ತಿದ್ದಳು. “ಹಡಗು ಹತ್ತೋ ಹುಡುಗೀರು ಅಳ್ತಾ ಇರ್ಲಿಲ್ಲ,” ಎನ್ನುತ್ತಾರೆ ಫುಜಿಯೆ. “ಅಲ್ಲಿ ಅಕ್ಕಿ ಸಿಗುತ್ತಾ ಅಂತ ಕೇಳ್ತಿದ್ರು. ದೊಡ್ಡಮ್ಮ ಸಿಗುತ್ತೆ ಅಂತ ಸುಳ್ಳು ಹೇಳೋರು. ಅವರಿಗೇನು ಗೊತ್ತಿತ್ತು.”

ಮದುವೆಯ ದೃಶ್ಯದ ದಿನ ಮಾಸುವಿಗೆ ಜ್ವರ. ಸೆಟ್ಟಿನ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತು, ನೀನೇ ಮಾಡು ಎಂದರು. ನಟಿ ಅಮೆರಿಕದಲ್ಲೇ ಹುಟ್ಟಿದವಳು. ಕಿಮೊನೊದ ಎಡಬಲ ಅವಳಿಗೆ ಗೊತ್ತಿರಲಿಲ್ಲ. ಫುಜಿಯೆ ಮೊದಲ ಸಲ ಒಬ್ಬರೇ, ಮೇಲಿಂದ ಕೆಳಗಿನ ತನಕ, ಒಬ್ಬ ನಟಿಗೆ ಉಡಿಸಿದರು. ದೊಡ್ಡಮ್ಮ ಕಂಬಳಿಯೊಳಗಿಂದ ನೋಡಿ ಸರಿ ಎಂದರು. ಚಿತ್ರೀಕರಣ ಮುಗಿಯಿತು, ಅಮೆರಿಕದವರು ಹೋದರು. ಮುಂದಿನ ವಸಂತದಲ್ಲಿ ಚಿತ್ರ ಟೋಕಿಯೋಕ್ಕೆ ಬಂತು. ಬಂದ ಎರಡನೆಯ ವಾರ ಒಂದು ಪತ್ರಿಕೆ ಆ ಒಂಬತ್ತು ಸೆಕೆಂಡಿನೊಳಗಿಂದ ಚಿತ್ರವೊಂದನ್ನು ತೆಗೆದು ಮುಖಪುಟದಲ್ಲಿ ಅಚ್ಚು ಹಾಕಿತು. ಮದುಮಗಳ ಬಲ ಮಡಿಕೆ ಮೇಲಿತ್ತು. ಅಮೆರಿಕದವನು ಜಪಾನಿನ ಹೆಣವನ್ನು ಮದುವೆಯಾದ ಎಂದು ಕೆಳಗೆ ಬರೆದಿದ್ದರು.

ಕನ್ನಡಿಯ ಬಿಂಬದ ಹಾಗೆ ಚಿತ್ರ ಮಗುಚಿರಬಹುದೇ ಎಂದು ಯಾರಾದರೂ ಊಹಿಸಬಹುದಿತ್ತು. ಊಹಿಸುವಷ್ಟು ಅಕ್ಕರೆ ಯಾರಿಗೂ ಇರಲಿಲ್ಲ. ಸ್ಟುಡಿಯೋದವರು ಉಡಿಸಿದ್ದು ಯಾರು ಎಂದು ಕೇಳಿದರು. ಫುಜಿಯೆ ಬಾಯಿ ತೆರೆಯುವ ಮೊದಲೇ ಮಾಸು, ನಾನು, ಎಂದರು. ಕಚೇರಿಯ ನೆಲಕ್ಕೆ ಹಣೆ ಮುಟ್ಟಿಸಿ ಅಷ್ಟು ಜನರ ಮುಂದೆ ಕ್ಷಮೆ ಕೇಳಿದರು. ಇಬ್ಬರ ಕೆಲಸವೂ ಹೋಯಿತು. ಟ್ರಾಮಿನಲ್ಲಿ ಮನೆಗೆ ಬರುವಾಗ ಮಾಸು ರಾತ್ರಿಯ ಅಡುಗೆಗೆ ಮೂಲಂಗಿ ಕೊಳ್ಳುವ ವಿಷಯ ಮಾತಾಡಿದರು.

“ಬೈದಿದ್ರೆ ಚೆನ್ನಾಗಿತ್ತು,” ಎನ್ನುತ್ತಾರೆ ಫುಜಿಯೆ. “ನೀನು ಹಾಗೆ ಮಾಡಿದ್ಯಾ ಅಂತ ಕೇಳಿದ್ರೂ ಸಾಕಿತ್ತು. ಹನ್ನೆರಡು ವರ್ಷ ಒಂದೇ ಮನೇಲಿದ್ವಿ, ಕೇಳ್ಲಿಲ್ಲ. ಕೇಳಿದ್ರೆ ನಾನು ಏನು ಹೇಳ್ತಿದ್ನೋ. ನನ್ನ ಕೈ ಸರಿಯಾಗಿ ಹೋಗಿತ್ತು ಅಂತ ನನಗೆ ನೆನಪು. ಆದ್ರೆ ಪತ್ರಿಕೇಲಿ ಚಿತ್ರ ಇದೆಯಲ್ಲ. ನೆನಪು ದೊಡ್ಡದಾ, ಚಿತ್ರ ದೊಡ್ಡದಾ?”

ಸುದ್ದಿ ಕೇರಿಗೆ ಹಬ್ಬಿತು. ಬೇರೆ ಸ್ಟುಡಿಯೋ, ಮದುವೆಮನೆ, ಯಾರೂ ಕರೆಯಲಿಲ್ಲ. ಕೊನೆಗೆ ಕರೆದವನು ಶವಸಂಸ್ಕಾರದ ಅಂಗಡಿಯವನು. ನಿನಗೆ ಹೇಗೂ ಅಭ್ಯಾಸವಿದೆಯಲ್ಲ ಎಂದು ನಕ್ಕನಂತೆ. ಫುಜಿಯೆ ಹೋದರು. ಹನ್ನೆರಡು ವರ್ಷ ಸತ್ತವರಿಗೆ ಬಿಳಿ ಬಟ್ಟೆ ಉಡಿಸಿದರು. ಬಲ ಮಡಿಕೆ ಮೇಲೆ, ಎಡ ಕೆಳಗೆ. ಆ ಕೆಲಸವನ್ನು ಅವರು ಇವತ್ತಿಗೂ ಹಗುರವಾಗಿ ಆಡುವುದಿಲ್ಲ. ಬದುಕಿರುವವರು ಉಸಿರು ಹಿಡಿದು ಸಹಾಯ ಮಾಡುತ್ತಾರೆ, ಸತ್ತವರು ಮಾಡುವುದಿಲ್ಲ. ಗಂಟು ಹಾಕಲು ಕಲಿತದ್ದು ಅಲ್ಲಿ ಎನ್ನುತ್ತಾರೆ. ಅಲ್ಲಿ ಕೊನೆಯದಾಗಿ ಉಡಿಸಿದ್ದು ಮಾಸುವಿಗೆ. ಬಲ ಮಡಿಕೆಯನ್ನು ಮೇಲೆ ತರಬೇಕಾದಾಗ ಕೈ ಬರಲಿಲ್ಲವಂತೆ. ಅಂಗಡಿಯವನೇ ಬಂದು ಮಡಿಕೆ ಹಾಕಿದ. ಮರುವರ್ಷ, ಸಮುದ್ರಕ್ಕೆ ಮಣ್ಣು ತುಂಬಿಸಿ ಹೊಸ ನೆಲ ಮಾಡುತ್ತಿದ್ದ ಉರಯಾಸುವಿಗೆ ಫುಜಿಯೆ ಬಂದರು. ಹೊಸ ನೆಲದಲ್ಲಿ ಹಳೆಯದನ್ನು ಬಲ್ಲವರು ಯಾರೂ ಇರಲಿಲ್ಲ. ಮದುವೆಯಾಗಲಿಲ್ಲ. ಆ ಸಿನಿಮಾ ಒಮ್ಮೆಯೂ ನೋಡಲಿಲ್ಲ.

ಗೊಂಬೆಯ ದಿನ ಮನೆಗೆ ಹೋದ ಭಾನುಮತಿ ಪ್ರದೀಪನ ಲ್ಯಾಪ್‌ಟಾಪಿನಲ್ಲಿ ಅದನ್ನು ಹುಡುಕಿ ನೋಡಿದರು. ಮದುಮಗಳು ಮುಖ ತಿರುಗಿಸಿದಲ್ಲಿ ನಿಲ್ಲಿಸಿದರು. ಬಲ ಮಡಿಕೆ ಮೇಲೆಯೇ ಇತ್ತು. ಹಾಗೇ ನೋಡುತ್ತ ಕುಳಿತಿದ್ದಾಗ ಕಣ್ಣು ಅವಳನ್ನು ಬಿಟ್ಟು ಹಿಂದಿನ ಅಂಗಿಯ ಮೇಲೆ ಹೋಯಿತು. ಮೊನ್ನೆಯಷ್ಟೇ ಅವರು ಪ್ರದೀಪನ ಏಳು ಅಂಗಿಗೆ ಇಸ್ತ್ರಿ ಹಾಕಿದ್ದರು.

“ಜೇಬು ಬಲಗಡೆ ಇತ್ತು ಕಣ್ರೀ. ಗಂಡಸರ ಅಂಗಿಗೆ ಜೇಬು ಎಡಗಡೆ ತಾನೇ? ಗುಂಡಿನೂ ಉಲ್ಟಾ. ನನ್ ಫೋನು ನಂಗೆ ಮಾಡಿದ ಮೋಸನೇ ಇದು ಅಂತ ಫ್ಲ್ಯಾಶ್ ಆಯ್ತು. ಅರವತ್ತು ವರ್ಷದಿಂದ ಇಡೀ ದೇಶ ಹೆಣ್ಣಿನ ಬಟ್ಟೆ ನೋಡ್ತು, ಗಂಡಿನ ಜೇಬು ಒಬ್ರೂ ನೋಡ್ಲಿಲ್ಲ.”

ಫೋನಿನಲ್ಲಿ ಆ ಚಿತ್ರವನ್ನು ಮಗುಚಿ ಮರುದಿನ ಸೆನ್ಸೇಗೆ ತೋರಿಸಿದರು. ಎಡ ಮಡಿಕೆ ಮೇಲೆ, ಜೇಬು ಎಡಕ್ಕೆ, ಎಲ್ಲ ಸರಿ. ಫುಜಿಯೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಫೋನಿನಲ್ಲಿ ಯಾವುದನ್ನು ಬೇಕಾದರೂ ಮಗುಚಬಹುದಲ್ಲ ಎಂದರು. ಜೇಬಿನ ಮಾತು ಹೇಳಿದರೆ, ಅಂಗಿ ಹೊಲಿದವನ ಕೈಯೂ ತಪ್ಪಿರಬಹುದು ಎಂದರು. ಹದಿನೇಳನೆಯ ವಯಸ್ಸಿನಿಂದ ಹೊತ್ತ ತಪ್ಪನ್ನು ಒಂದು ಜೇಬಿನ ಮೇಲೆ ಇಳಿಸಿಬಿಡಲು ಅವರು ತಯಾರಿರಲಿಲ್ಲ.

ಆಗ ಭಾನುಮತಿಗೆ ಛಲ ಹುಟ್ಟಿತು. ಮಿನಾಟೋದಲ್ಲೇ ಇರುವ ಇನ್ನೊಂದು ಕಂಪನಿ ಹಳೆಯ ಚಿತ್ರಗಳ ಮೂಲ ಫಿಲ್ಮನ್ನು ತರಿಸಿ, ತೊಳೆದು, ಗೀರು ತೆಗೆದು, ಮತ್ತೆ ಬಿಡುಗಡೆ ಮಾಡುತ್ತದೆ. ಕಳೆದ ಆಗಸ್ಟಿನಲ್ಲಿ ಅದರ ಮುಂದಿನ ಪಟ್ಟಿಯಲ್ಲಿ ‘ಅದು’ ಬಂತು. ಭಾನುಮತಿ ಜಪಾನೀಸಿನಲ್ಲಿ ಪತ್ರ ಬರೆದರು. ಸಾಹಿತ್ಯ ಅದನ್ನು ಓದಿ, ಅಮ್ಮಾ, ಇದು ಪತ್ರ ಅಲ್ಲ, ಪೊಲೀಸ್ ಕಂಪ್ಲೇಂಟು ಎಂದು ಇಡಿಯಾಗಿ ತಿದ್ದಿದಳು. ಉತ್ತರಕ್ಕೆ ನಾಲ್ಕು ತಿಂಗಳು. ಬಂದ ಉತ್ತರವೂ ಎರಡೇ ಸಾಲು: ಪರೀಕ್ಷಿಸಿದ್ದೇವೆ, ಫೋನಿನಲ್ಲಿ ಹೇಳುವ ವಿಷಯವಲ್ಲ, ಖುದ್ದಾಗಿ ಬರುತ್ತೇವೆ. ಅವರಿಗೆ ಅನುಕೂಲವಾದ ರಜೆಯ ದಿನ ಇವತ್ತು. ಹನ್ನೊಂದು ಗಂಟೆಗೆ.

ಒಳ್ಳೆಯ ಸುದ್ದಿಯಾದ್ದರಿಂದ ಖುದ್ದಾಗಿ ಬರುತ್ತಿದ್ದಾರೆ ಎಂದು ಭಾನುಮತಿ. ಒಳ್ಳೆಯದಾಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದರು ಎಂದು ಫುಜಿಯೆ. ಇದೇ ವಾದದಲ್ಲಿ ಒಂದು ವಾರ ಕಳೆದಿದೆ.

ಕೋಣೆಯಲ್ಲೀಗ ಒಂಬತ್ತನೆಯ ಹುಡುಗಿ. ಕಿಟಕಿಯಾಚೆ ಬೆಳಗಾಗಿದೆ. ಇಲ್ಲಿಯವರೆಗೆ ಫುಜಿಯೆಯವರ ಕೈ ನೀರು ಹರಿದಂತೆ ಹರಿದಿದೆ. ಈ ಹುಡುಗಿಯ ಎರಡೂ ಮಡಿಕೆಗಳನ್ನು ಹಿಡಿದು ನಿಂತವರು ಇದ್ದಕ್ಕಿದ್ದಂತೆ ನಿಂತೇಬಿಡುತ್ತಾರೆ. ಯಾವುದು ಮೊದಲು ಎಂಬುದು ಕೈಗೆ ಹೊಳೆಯದವರಂತೆ. ರೇಡಿಯೋದಲ್ಲಿ ಹವಾಮಾನ ಮುಗಿದು ಸಂಗೀತ ಶುರುವಾಗುತ್ತದೆ. ಭಾನುಮತಿ ನೋಡಿಯೂ ನೋಡದಂತೆ ದಾರಗಳನ್ನು ಎಣಿಸುತ್ತಾರೆ. ಆಮೇಲೆ ಬಲ ಮಡಿಕೆ ಒಳಗೆ ಹೋಗುತ್ತದೆ, ಎಡ ಮಡಿಕೆ ಅದರ ಮೇಲೆ ಬರುತ್ತದೆ. ಆ ಹುಡುಗಿಯಿಂದ ಮಾತ್ರ ಐದು ಸಲ ಕೈ ಹಾಕಿಸುತ್ತಾರೆ.

ಒಂಬತ್ತೂಕಾಲಿಗೆ ಹದಿಮೂರನೆಯವಳು ಮೆಟ್ಟಿಲಿಳಿದು ಹೋಗುತ್ತಾಳೆ. ಬೀದಿಯ ತುಂಬ ಉದ್ದ ತೋಳಿನ ಹುಡುಗಿಯರು, ಸೂಟು ಹಾಕಿದ ಹುಡುಗರು. ಸಾಹಿತ್ಯ ಕೆಳಗೆ ನಿಂತು ಸೆಲ್ಫಿ ತೆಗೆಯಲು ಫೋನೆತ್ತಿ, ಮೇಲಿನ ಕಿಟಕಿಯ ಕಡೆಗೊಮ್ಮೆ ನೋಡಿ, ಫೋನನ್ನು ಗೆಳತಿಯ ಕೈಗೆ ಕೊಟ್ಟು ತೆಗೆಯಲು ಹೇಳುತ್ತಾಳೆ. ಮೇಲೆ ಫುಜಿಯೆ ಉಳಿದ ದಾರಗಳನ್ನು ಸುತ್ತಿ, ಚಾಪೆ ಗುಡಿಸಿ, ಕೊಂಬಿನಿಯಿಂದ ಭಾನುಮತಿ ತಂದ ಅನ್ನದ ಉಂಡೆಯಲ್ಲಿ ಅರ್ಧ ತಿಂದು ಉಳಿದರ್ಧವನ್ನು ಕಾಗದದಲ್ಲಿ ಸುತ್ತಿಡುತ್ತಾರೆ.

ಹನ್ನೊಂದಕ್ಕೆ ಸರಿಯಾಗಿ ಬಂದವನು ಹಿರೋಸೆ, ಮೂವತ್ತರ ಯುವಕ, ಕಂಪನಿಯ ಪರವಾಗಿ. ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತಲೇ ಒಳಬಂದು, ಸಿಹಿಯ ಪೆಟ್ಟಿಗೆಯನ್ನು ಎರಡೂ ಕೈಯಿಂದ ಮುಂದಿಟ್ಟು, ಚಳಿಯ ಬಗ್ಗೆ ಆಡಬೇಕಾದಷ್ಟು ಆಡುತ್ತಾನೆ. ಆಮೇಲೆ ಚೀಲದಿಂದ ದೊಡ್ಡದೊಂದು ಫೋಟೋ ತೆಗೆದು ಚಾಪೆಯ ಮೇಲಿಡುತ್ತಾನೆ. ಮೂಲ ಫಿಲ್ಮಿನ ಪಟ್ಟಿಯನ್ನು ಹಿಗ್ಗಿಸಿ ತೆಗೆದದ್ದು. ಫಿಲ್ಮು ತಯಾರಾಗುವಾಗಲೇ ಅದರ ಅಂಚಿನ ಉದ್ದಕ್ಕೂ ಅಂಕಿಗಳು ಅಚ್ಚಾಗಿರುತ್ತವೆ ಎಂದು ವಿವರಿಸುತ್ತಾನೆ. ಅವನ್ನು ಯಾರೂ ಬದಲಾಯಿಸಲಾಗದು. ಜೀಪು ಬರುವ ತುಂಡಿನಲ್ಲಿ ಅಂಕಿಗಳು ನೆಟ್ಟಗಿವೆ. ಅದಕ್ಕೆ ಅಂಟಿಸಿದ ಮದುಮಗಳ ತುಂಡಿನಲ್ಲಿ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ. ಅದು ಮುಗಿದು ಮುಂದಿನ ತುಂಡು ಶುರುವಾದಲ್ಲಿ ಮತ್ತೆ ನೆಟ್ಟಗೆ.

ಜೀಪು ಎಡದಿಂದ ಬರುತ್ತದೆ, ಹುಡುಗಿ ಮಾತ್ರ ಬಲಕ್ಕೆ ತಿರುಗಿ ನೋಡಿದ್ದಳು ಎನ್ನುತ್ತಾನೆ ಹಿರೋಸೆ. ಅಮೆರಿಕದಲ್ಲಿ ಚಿತ್ರ ಜೋಡಿಸಿದವರು ಅವಳು ಜೀಪಿನ ಕಡೆಗೇ ನೋಡಲೆಂದು ಆ ತುಂಡನ್ನು ಮಗುಚಿ ಅಂಟಿಸಿದ್ದಾರೆ. ಮಡಿಕೆ ಅವರ ಕಣ್ಣಿಗೆ ಬಿದ್ದಿಲ್ಲ.

ಫುಜಿಯೆ ಫೋಟೋದ ಮೇಲೆ ಬಾಗುತ್ತಾರೆ. ಅಂಕಿಗಳನ್ನು ಬೆರಳಿಟ್ಟು ಒಂದೊಂದಾಗಿ ಓದುತ್ತಾರೆ, ನೆಟ್ಟಗಿದ್ದವನ್ನೂ ತಿರುಗಿದ್ದವನ್ನೂ. ಓದಿ ಮುಗಿಸಿ ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಾರೆ, ಪರಿಚಯದವರು ಬಹಳ ದಿನಕ್ಕೆ ಸಿಕ್ಕಿದಾಗ ನೋಡುವ ಹಾಗೆ. ಭಾನುಮತಿ ಚಹಾ ತರಲು ಎದ್ದು ಹೋಗುತ್ತಾರೆ. ಅವರು ವಾಪಸು ಬರುವ ಹೊತ್ತಿಗೆ ಫುಜಿಯೆ ಒಂದು ಪ್ರಶ್ನೆ ಕೇಳಿ ಆಗಿದೆ: ಈ ಫೋಟೋವನ್ನು ಇಟ್ಟುಕೊಳ್ಳಬಹುದೇ? ಖಂಡಿತ, ಎನ್ನುತ್ತಾನೆ ಹಿರೋಸೆ, ತಮಗೆಂದೇ ತಂದದ್ದು. ಫೋಟೋ ನೇರ ಮೂಲೆಯಲ್ಲಿ ಸತ್ತವರಿಗೆಂದು ಇಟ್ಟ ಸಣ್ಣ ಮಂಟಪಕ್ಕೆ ಹೋಗುತ್ತದೆ; ಮಾಸುವಿನ ಚಿತ್ರದ ಎದುರು, ಅಂಕಿಗಳು ಅವರ ಕಡೆ ಮುಖ ಮಾಡಿರುವಂತೆ. ಅರ್ಧ ಅನ್ನದ ಉಂಡೆಯೂ ಅದರ ಪಕ್ಕಕ್ಕೆ.

ಈಗ ಹಿರೋಸೆಯ ಮುಖ ಅರಳುತ್ತದೆ. ಅವನು ಬಂದ ಮುಖ್ಯ ಕಾರಣ ಇನ್ನೂ ಹೇಳಿಯೇ ಇಲ್ಲ. ಹೊಸ ಪ್ರತಿಯಲ್ಲಿ ಆ ಒಂಬತ್ತು ಸೆಕೆಂಡನ್ನು ಮತ್ತೆ ಮಗುಚಿ ನೇರ ಮಾಡಲು ಕಂಪನಿ ಒಪ್ಪಿದೆ. ಹುಡುಗಿಯ ನೋಟ ಜೀಪಿನ ಕಡೆಗಿಲ್ಲದಿದ್ದರೂ ಚಿಂತೆಯಿಲ್ಲ. ಚಿತ್ರದ ಕೊನೆಯಲ್ಲಿ ಉಡುಪು ಎಂಬುದರ ಕೆಳಗೆ ಕುವಾಬಾರಾ ಫುಜಿಯೆ ಎಂದು ಹೆಸರು ಬರುತ್ತದೆ, ಬೇಕಿದ್ದರೆ ದೊಡ್ಡಮ್ಮನವರದೂ. ಮೊದಲ ಪ್ರದರ್ಶನದ ದಿನ ವೇದಿಕೆಗೆ ಕರೆಯುತ್ತಾರೆ. ಪತ್ರಿಕೆಯವರು ಇರುತ್ತಾರೆ.

“ಎಲ್ಲ ಕಡೆನೂ ತಿರುಗಿಸ್ತೀರಾ?” ಎಂದು ಕೇಳುತ್ತಾರೆ ಫುಜಿಯೆ. “ಅಮೆರಿಕದಲ್ಲೂ?”

ಪ್ರಪಂಚದಲ್ಲೆಲ್ಲ ಎನ್ನುತ್ತಾನೆ ಹಿರೋಸೆ. ಇನ್ನು ಮುಂದೆ ನೋಡುವ ಯಾರಿಗೂ ಅಲ್ಲೊಂದು ತಪ್ಪಿತ್ತು ಎಂಬುದೇ ತಿಳಿಯುವುದಿಲ್ಲ.

“ಬೇಡ.”

ಹಿರೋಸೆ ನಗುತ್ತಾನೆ. ಈ ದೇಶದಲ್ಲಿ ಮೊದಲ ಸಲ ಬೇಡವೆನ್ನುವುದು ಮರ್ಯಾದೆ. ಎರಡನೆಯ ಸಲ ಕೇಳಬೇಕು, ಮೂರನೆಯ ಸಲಕ್ಕೆ ಒಪ್ಪಬೇಕು. ಅವನು ತಲೆಬಾಗಿ, ಇನ್ನೂ ಮೆತ್ತನೆಯ ಮಾತಿನಲ್ಲಿ ಎರಡನೆಯ ಸಲ ಕೇಳುತ್ತಾನೆ. ಭಾನುಮತಿಗೆ ಮಾತ್ರ ಅಷ್ಟರಲ್ಲೇ ಗೊತ್ತಾಗಿದೆ. ನೋಡೋಣ, ಸ್ವಲ್ಪ ಕಷ್ಟ, ಯೋಚಿಸುತ್ತೇನೆ ಎಂದು ಇಲ್ಲಿಯವರು ಹತ್ತು ಬಗೆಯಲ್ಲಿ ಇಲ್ಲವೆನ್ನುತ್ತಾರೆ. ನಾಲ್ಕು ವರ್ಷದಲ್ಲಿ ಸೆನ್ಸೇ ಬಾಯಲ್ಲಿ ಬರೀ ಬೇಡ ಎಂಬ ಮಾತನ್ನು ಅವರು ಕೇಳಿದ್ದೇ ಇಲ್ಲ.

“ದೊಡ್ಡಮ್ಮ ಆ ಚಿತ್ರಕ್ಕೋಸ್ಕರ ನೆಲಕ್ಕೆ ಹಣೆ ಹಚ್ಚಿದ್ದು,” ಎನ್ನುತ್ತಾರೆ ಫುಜಿಯೆ. “ಅದನ್ನೇ ತೆಗೆದುಬಿಟ್ರೆ, ಅವರು ಸುಮ್ಮನೆ ಯಾಕೋ ಬಗ್ಗಿದ ಹಾಗಾಗುತ್ತೆ. ಹೇಗಿದೆಯೋ ಹಾಗೇ ಇರಲಿ. ನನ್ನ ಕೈ ಸರಿ ಇತ್ತು ಅಂತ ನನಗೆ ತಿಳೀಬೇಕಿತ್ತು, ತಿಳೀತು.”

ಹಿರೋಸೆ ಸಿಹಿಯ ಪೆಟ್ಟಿಗೆಯನ್ನು ಒಂದಿಷ್ಟು ಮುಂದಕ್ಕೆ ಸರಿಸುತ್ತಾನೆ. ಹಾಗಾದರೆ ಹೆಸರನ್ನಾದರೂ ಹಾಕಬಹುದಲ್ಲ, ಎನ್ನುತ್ತಾನೆ. ಫುಜಿಯೆ ಸುತ್ತಿಟ್ಟ ದಾರವೊಂದನ್ನು ಬಿಚ್ಚಿ, ಸಿಕ್ಕು ನೋಡಿ, ಮತ್ತೆ ಸುತ್ತತೊಡಗುತ್ತಾರೆ.

“ಹೆಸರೂ ಬೇಡ.”